ಅಟ್ಟದ ಮೇಲಿನ ಫ್ಲಾಪಿ ಡಬ್ಬ ಕೆಳಗಿಳಿಸಿ

ನಮಸ್ಕಾರ, ಮಂಗಳೂರಿನಿಂದ ಮಾತಾಡುತ್ತಿದ್ದೇನೆ. ಹಳೆಯ ವಿಂಡೋಸ್ ಅಂದ ತಕ್ಷಣ "ಎಂಥ ಕಾಲ ಮಾರಾಯ್ರೆ" ಅಂತ ನಕ್ಕು ಸುಮ್ನಾಗುವವರೇ ಜಾಸ್ತಿ. ನನಗೆ ಅಷ್ಟಕ್ಕೇ ಬಿಡಲು ಮನಸ್ಸಾಗುವುದಿಲ್ಲ. ನಾವು ಅಷ್ಟು ಪ್ರೀತಿಸಿದ ಹಳೆಯ ಆಟ, ಫೈಲ್ ಎಲ್ಲ ಎಲ್ಲೆಲ್ಲೋ ಬಿದ್ದು ಹಾಳಾಗುತ್ತಿದೆ. ಅದನ್ನು ಉಳಿಸಬೇಕು.

ಸಾಲಿಟೇರ್ ನೆನಪಿದೆ ಅಲ್ವಾ? 1990ರಲ್ಲಿ ವಿಂಡೋಸ್ 3.0 ಜೊತೆ ಬಂದ ಇಸ್ಪೀಟ್ ಆಟ. ಬರೆದದ್ದು ವೆಸ್ ಚೆರ್ರಿ ಎಂಬ ಇಂಟರ್ನ್, ಎಲೆಗಳ ಚಿತ್ರ ಸೂಸನ್ ಕೇರ್ ಅವರದ್ದು. ಗೆದ್ದ ಕೂಡಲೇ ರಾಜನಿಂದ ಶುರುವಾಗಿ ಒಂದೊಂದೇ ಎಲೆ ಮೇಲಿಂದ ಹಾರಿ, ನೆಲಕ್ಕೆ ಬಡಿದು ಪುಟಿದು, ಹೋದ ದಾರಿಯುದ್ದಕ್ಕೂ ತನ್ನ ಅಚ್ಚು ಬಿಟ್ಟು ಸ್ಕ್ರೀನ್ ದಾಟುತ್ತಿತ್ತು. ಅದು ಮುಗಿಯುವ ತನಕ ಯಾರೂ ಮೌಸ್ ಮುಟ್ಟುತ್ತಿರಲಿಲ್ಲ. ಆ ಆಟ ನಮ್ಮ ಫೋನ್ ನಂಬರ್ ಕೇಳಲಿಲ್ಲ. ನಡುವೆ ಜಾಹೀರಾತು ತೂರಿಸಲಿಲ್ಲ. ಹೌದು, ಆಗಿನ ಕಂಪ್ಯೂಟರ್ ಆಗಾಗ ನಿಂತುಹೋಗುತ್ತಿತ್ತು, ನೀಲಿ ಸ್ಕ್ರೀನ್ ಬರುತ್ತಿತ್ತು. ಆದರೂ ಅದು ಪೂರ್ತಿ ನಮ್ಮದಾಗಿತ್ತು.

ಆಮೇಲೆ ಫ್ಲ್ಯಾಶ್ ಆಟಗಳು, ಅಂದರೆ ಫ್ಲ್ಯಾಶ್ ಪ್ಲೇಯರ್ ಎಂಬ ತಂತ್ರಾಂಶದಿಂದ ಬ್ರೌಸರ್‌ನಲ್ಲೇ ಓಡುತ್ತಿದ್ದ ಆಟಗಳು. ಹಂಪನಕಟ್ಟೆಯಲ್ಲೋ ಮಣಿಪಾಲದಲ್ಲೋ ಸೈಬರ್ ಕೆಫೆಗೆ ಹೋಗಿ ಅರ್ಧ ಗಂಟೆಗೆ ದುಡ್ಡು ಕೊಟ್ಟು ಕೂತವರಿಗೆ ಗೊತ್ತು, ಲೋಡಿಂಗ್ ಪಟ್ಟಿ ತುಂಬುವುದನ್ನೇ ನೋಡುತ್ತಾ ಕಾಯುವುದು. ಮಳೆಗಾಲದಲ್ಲಿ ಗುಡುಗು ಶುರುವಾದರೆ ಮಾಲೀಕರು ಮೊದಲು ಮಾಡುತ್ತಿದ್ದ ಕೆಲಸ ಮೋಡೆಮ್‌ನ ಫೋನ್ ವೈರ್ ಕೀಳುವುದು. ಇಂಟರ್ನೆಟ್ ಹೋಯಿತು, ಆದರೆ ಆಟ ನಿಲ್ಲಲಿಲ್ಲ! ಒಮ್ಮೆ ಪೂರ್ತಿ ಲೋಡ್ ಆದ ಮೇಲೆ ಹೆಚ್ಚಿನ ಆಟಗಳಿಗೆ ನೆಟ್ ಬೇಕಿರಲಿಲ್ಲ. ಹೊರಗೆ ಸಿಡಿಲು, ಒಳಗೆ ಯುಪಿಎಸ್ ಮೇಲೆ ಆಟ.

2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್ ಕೈಬಿಟ್ಟಿತು. 2021ರ ಜನವರಿ 12ರಿಂದ ಪ್ಲೇಯರ್ ಓಡದ ಹಾಗೆ ಮಾಡಿತು. ಭದ್ರತೆಯ ತೊಂದರೆ ಇದ್ದದ್ದು ನಿಜ. ಆದರೆ ಆ ಆಟಗಳು ಇವತ್ತೂ ಸಿಗುತ್ತಿದ್ದರೆ ಅದು ಪ್ರೀತಿಗೆ ದುಡಿದವರಿಂದ. ಬೆನ್ ಲ್ಯಾಟಿಮೋರ್ ಎಂಬವರು ಅದಕ್ಕೂ ಮೊದಲೇ ಇವನ್ನೆಲ್ಲ ಕೂಡಿಡುವ ಫ್ಲ್ಯಾಶ್‌ಪಾಯಿಂಟ್ ಶುರುಮಾಡಿದರು. ಈಗ ಅದರಲ್ಲಿ ಲಕ್ಷಕ್ಕೂ ಹೆಚ್ಚು ಆಟ, ಅನಿಮೇಶನ್‌ಗಳಿವೆ. ರಫಲ್ ಎಂಬ ಎಮ್ಯುಲೇಟರ್ ಹಳೆಯ ಫ್ಲ್ಯಾಶ್ ಫೈಲ್‌ಗಳನ್ನು ಇಂದಿನ ಬ್ರೌಸರ್‌ನಲ್ಲೇ ಓಡಿಸುತ್ತದೆ. ವಿಂಡೋಸ್‌ಗಿಂತ ಹಿಂದಿನ ಡಾಸ್ ಆಟಗಳಿಗೆ ಡಾಸ್‌ಬಾಕ್ಸ್ ಇದೆ. ಇವರಿಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ನಮ್ಮ ಊರಿನದ್ದನ್ನು ಉಳಿಸುವವರು ಯಾರು? ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿದ ಕೆ.ಪಿ. ರಾವ್ ಇಲ್ಲೇ ಕಿನ್ನಿಕಂಬಳದವರು. ಡಾಸ್ ಕಾಲದಲ್ಲೇ 'ಸೇಡಿಯಾಪು' ಎಂಬ ಕನ್ನಡ ತಂತ್ರಾಂಶ ಮಾಡಿ ಉಚಿತವಾಗಿ ಕೊಟ್ಟರು. ಇವತ್ತು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡುವವರ ಬೆರಳು ಓಡುವುದು ಅವರು ಹಾಕಿಕೊಟ್ಟ ಜೋಡಣೆಯ ಮೇಲೆಯೇ. ಆ ಕಾಲದಲ್ಲಿ ಡಿಟಿಪಿ (ಕಂಪ್ಯೂಟರ್‌ನಲ್ಲಿ ಪುಟ ಜೋಡಿಸುವ) ಅಂಗಡಿಗಳಲ್ಲಿ ಟೈಪ್ ಆದ ಯಕ್ಷಗಾನ ಪ್ರಸಂಗ, ಜಾತ್ರೆಯ ಕರೆಯೋಲೆ, ಶಾಲೆಯ ಸ್ಮರಣ ಸಂಚಿಕೆ ಎಲ್ಲ ಫ್ಲಾಪಿ ಎಂಬ ಚಪ್ಪಟೆ ಡಿಸ್ಕ್‌ಗಳಲ್ಲಿ ಇದ್ದವು. ಸಾಮಾನ್ಯ ಮೂರೂವರೆ ಇಂಚಿನ ಒಂದು ಫ್ಲಾಪಿಯಲ್ಲಿ ಹಿಡಿಯುವುದು 1.44 ಎಂಬಿ. ನಮ್ಮ ಕರಾವಳಿಯ ತೇವಕ್ಕೆ ಅದಕ್ಕೂ ಬೂಷ್ಟು ಹಿಡಿಯುತ್ತದೆ, ಸಿಡಿಯನ್ನೂ ಬಿಡುವುದಿಲ್ಲ.

ಆದ್ದರಿಂದ ಮಳೆ ಬಿಟ್ಟ ಮೇಲೆ ಅಟ್ಟ ಹತ್ತಿ ಆ ಡಬ್ಬ ಇಳಿಸಿ. ಯುಎಸ್‌ಬಿಗೆ ಹಾಕುವ ಫ್ಲಾಪಿ ಡ್ರೈವ್ ಈಗಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಫೈಲ್ ಮಾತ್ರ ಕಾಪಿ ಮಾಡಬೇಡಿ, ಇಡೀ ಡಿಸ್ಕಿನ ಇಮೇಜ್ (ಡಿಸ್ಕಿನಲ್ಲಿರುವುದೆಲ್ಲ ಇದ್ದ ಹಾಗೇ ಒಂದೇ ಫೈಲಿನಲ್ಲಿ) ತೆಗೆಯಿರಿ. ಯೂನಿಕೋಡ್‌ಗಿಂತ (ಎಲ್ಲ ಭಾಷೆಗಳ ಅಕ್ಷರಗಳಿಗೆ ಇರುವ ಒಂದೇ ಸಂಕೇತ ಪದ್ಧತಿ) ಹಿಂದಿನ ಕನ್ನಡ ಫೈಲ್ ಆದರೆ ಅದರ ಫಾಂಟ್ ಫೈಲನ್ನೂ ಜೊತೆಗೇ ಇಡಿ. ಇಲ್ಲದಿದ್ದರೆ ತೆರೆದಾಗ ಕಾಣುವುದು ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಬೂಷ್ಟು ಕಂಡ ಫ್ಲಾಪಿಯನ್ನು ಮಾತ್ರ ಹಾಗೇ ಡ್ರೈವ್‌ಗೆ ಹಾಕಬೇಡಿ. ಡಿಸ್ಕ್ ಓದುವ ಹೆಡ್‌ಗೆ ಕೊಳೆ ಮೆತ್ತಿಕೊಂಡು ಮುಂದಿನ ಫ್ಲಾಪಿಯೂ ಹಾಳಾಗುತ್ತದೆ. ಅಂಥದ್ದನ್ನು ಬೇರೆ ಎತ್ತಿಡಿ, ಬಿಸಾಡಬೇಡಿ, ಕೆಲಸ ಗೊತ್ತಿರುವವರ ಕೈಗೆ ಕೊಡಿ.