ತಟ್ಟೆ ತುಂಬಿದರೆ ಸಾಲದು

ಆತ್ಮೀಯ ವಿದ್ಯಾರ್ಥಿಗಳೇ,

ಹತ್ತಿಗೆ ಎಲೆಚುಕ್ಕೆ ರೋಗ ತರುವ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಬಗೆ ಇಂದಿನ ವಿಷಯ. ಕೋಲಾರದಲ್ಲಿ ನಿಂತು ಹತ್ತಿಯ ರೋಗದ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಹತ್ತಿ ರಾಯಚೂರು, ಹಾವೇರಿ ಕಡೆಯ ಬೆಳೆ. ನಮ್ಮದು ಟೊಮೆಟೊ ಸೀಮೆ. ಆದರೆ ಟೊಮೆಟೊ ಎಲೆಯ ಮೇಲೆ ಉಂಗುರ ಉಂಗುರವಾಗಿ ಕಂದು ಮಚ್ಚೆ ಮೂಡಿಸುವ ಶಿಲೀಂಧ್ರವೂ ಹತ್ತಿಗೆ ಎಲೆಚುಕ್ಕೆ ತರುವ ಶಿಲೀಂಧ್ರವೂ ಆಲ್ಟರ್ನೇರಿಯಾ ಎಂಬ ಒಂದೇ ಕುಲದವು. ಒಂದರ ಸ್ವಭಾವ ಬಲ್ಲವರಿಗೆ ಇನ್ನೊಂದು ಪೂರ್ತಿ ಅಪರಿಚಿತವಲ್ಲ.

ರೋಗದ ಎಲೆಯಿಂದ ಶಿಲೀಂಧ್ರವನ್ನು ಬೇರ್ಪಡಿಸುವಾಗ ಮಚ್ಚೆಯ ನಟ್ಟನಡುವೆ ಕತ್ತರಿ ಹಾಕಬೇಡಿ. ಸತ್ತ ಭಾಗವನ್ನು ತಿನ್ನಲು ಬಂದ ಬೇರೆ ಬೂಷ್ಟುಗಳು ಅಲ್ಲಿ ಸೇರಿಕೊಂಡಿರುತ್ತವೆ. ಹಸಿರೂ ಕಂದೂ ಕೂಡುವ ಅಂಚಿನಲ್ಲಿ ಚಿಕ್ಕ ಚೂರು ತೆಗೆದು, ಮೇಲ್ಮೈಯ ಸೂಕ್ಷ್ಮಾಣು ಕೊಲ್ಲುವ ಶೇ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ, ಸೂಕ್ಷ್ಮಾಣುರಹಿತ ನೀರಿನಲ್ಲಿ ಮೂರು ಸಲ ತೊಳೆದು, ಶಿಲೀಂಧ್ರದ ಆಹಾರ ಹಾಕಿದ ಪೆಟ್ರಿ ತಟ್ಟೆಗಿಡಿ.

ಇನ್ನು ಅದರ ಊಟದ ವಿಚಾರ. ಶಿಲೀಂಧ್ರ ಬೆಳೆಸುವ ಈ ಊಟಕ್ಕೆ ಮಾಧ್ಯಮ ಎನ್ನುತ್ತೇವೆ. ಎಲ್ಲರ ಕೈಗೆ ಮೊದಲು ಬರುವುದು ಆಲೂಗಡ್ಡೆಯ ಮಾಧ್ಯಮ: ಸಿಪ್ಪೆ ತೆಗೆದ 200 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ರಸ, 20 ಗ್ರಾಂ ಡೆಕ್ಸ್ಟ್ರೋಸ್ ಸಕ್ಕರೆ, 20 ಗ್ರಾಂ ಅಗರ್ (ಕಡಲಪಾಚಿಯಿಂದ ತೆಗೆದ, ಮಾಧ್ಯಮವನ್ನು ಗಟ್ಟಿಯಾಗಿಸುವ ಪುಡಿ), ನೀರು ಸೇರಿಸಿ ಒಂದು ಲೀಟರ್. ಒತ್ತಡದ ಹಬೆಯಿಂದ ಸೂಕ್ಷ್ಮಾಣು ಕೊಲ್ಲುವ ಪಾತ್ರೆಯಾದ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್, ಚದರ ಇಂಚಿಗೆ 15 ಪೌಂಡ್ ಒತ್ತಡ, 20 ನಿಮಿಷ. ಈ ಅಗರ್ ಪ್ರಯೋಗಾಲಯಕ್ಕೆ ಬಂದದ್ದು ಅಡುಗೆಮನೆಯಿಂದ. ಮಾಧ್ಯಮ ಗಟ್ಟಿಯಾಗಲು ಹಾಕುತ್ತಿದ್ದ ಜೆಲಟಿನ್ ಬೇಸಿಗೆಯಲ್ಲಿ ಕರಗಿ ಹಾಳಾಗುತ್ತಿದ್ದಾಗ, ಅಗರ್ ಬಳಸುವಂತೆ 1881ರಲ್ಲಿ ಸೂಕ್ಷ್ಮಾಣು ಬೆಳೆಸುತ್ತಿದ್ದ ಪತಿಗೆ ಸೂಚಿಸಿದವರು ಫ್ಯಾನಿ ಹೆಸ್ಸೆ. ಅವರ ಹೆಸರನ್ನು ನಾವು ಮರೆಯಬಾರದು.

ರಿಚರ್ಡ್ಸ್, ಜಾಪೆಕ್ ಎಂಬ ಬೇರೆ ಎರಡು ಮಾಧ್ಯಮಗಳಲ್ಲಿ ಆಲೂಗಡ್ಡೆ ಇಲ್ಲ. ಲವಣ, ಸಕ್ಕರೆ ಎಲ್ಲವೂ ತೂಕ ಮಾಡಿ ಹಾಕಿದ್ದು. ಒಂದನ್ನು ಬದಲಿಸಿದರೆ ಪರಿಣಾಮ ಯಾವುದರಿಂದ ಎಂದು ಹೇಳಬಹುದು. ಓಟ್ಸ್ ಹಿಟ್ಟಿನದು, ಹತ್ತಿ ಎಲೆಯ ರಸದ್ದು ಕೂಡ ಇವೆ.

ನಾವು ಎಡವುವುದು ಅಳೆಯುವಾಗ. ಬೆಳೆದ ಶಿಲೀಂಧ್ರದಿಂದ ಕತ್ತರಿಸಿದ 5 ಮಿ.ಮೀ. ಬಿಲ್ಲೆಯನ್ನು 90 ಮಿ.ಮೀ. ತಟ್ಟೆಯ ನಡುವೆ ಇಟ್ಟು, ಏಳನೆಯ ದಿನ ಎರಡು ದಿಕ್ಕಿನಲ್ಲಿ ಸ್ಕೇಲ್ ಹಿಡಿದು, ಅಗಲವಾಗಿ ಹಬ್ಬಿದ್ದೇ ಶ್ರೇಷ್ಠ ಮಾಧ್ಯಮ ಎಂದು ಬರೆದುಬಿಡುತ್ತೇವೆ. ಹತ್ತಿಯ ಅರಳೆಯಂತೆ ಉಬ್ಬಿ ತಟ್ಟೆ ತುಂಬಿದ ಬೆಳವಣಿಗೆಯಿಂದ ಸೂಜಿಯ ಮೊನೆಯಷ್ಟು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ: ಕೆಲವೊಮ್ಮೆ ಬರೀ ಶಿಲೀಂಧ್ರದ ಎಳೆಗಳು. ಪಕ್ಕದಲ್ಲಿ ತೆಳ್ಳಗೆ, ಕಪ್ಪು ಹಸಿರಾಗಿ ಬೆಳೆದ ತಟ್ಟೆಯಲ್ಲಿ ಗದೆಯಾಕಾರದ, ಬಾಲವುಳ್ಳ ಬೀಜಾಣುಗಳು. ಒಳಗೆ ಅಡ್ಡಗೋಡೆ, ಉದ್ದಗೋಡೆ, ಇಟ್ಟಿಗೆ ಕಟ್ಟಿದ ಹಾಗೆ. ಹೊಲದಲ್ಲಿ ಗಾಳಿಗೆ ಹಾರಿ ಎಲೆಯಿಂದ ಎಲೆಗೆ ರೋಗ ಹೊತ್ತೊಯ್ಯುವುದು ಇವೇ. ಔಷಧಿ ಬೀಜಾಣು ಮೊಳೆಯದಂತೆ ತಡೆಯುತ್ತದೆಯೇ ಎಂದು ಪರೀಕ್ಷಿಸಲು ಎಳೆಗಳ ರಾಶಿ ಇದ್ದು ಏನು ಪ್ರಯೋಜನ?

ಆದ್ದರಿಂದ ಯಾವುದು ಒಳ್ಳೆಯ ಮಾಧ್ಯಮ ಎಂದು ಕೇಳುವ ಮೊದಲು, ಯಾವ ಕೆಲಸಕ್ಕೆ ಎಂದು ಕೇಳಿ. ಸಾಮಾನ್ಯವಾಗಿ ಸಕ್ಕರೆ ಧಾರಾಳವಾದರೆ ಎಳೆ ಹೆಚ್ಚು. ಊಟ ಕಡಿಮೆಯಾಗಿ, ಬೆಳಕೂ ಕತ್ತಲೂ ಸರದಿಯಲ್ಲಿ ಸಿಕ್ಕರೆ ಬೀಜಾಣು ಹೆಚ್ಚು. ತಟ್ಟೆಯಿಂದ ತಟ್ಟೆಗೆ ದಾಟಿಸುತ್ತಲೇ ಇದ್ದರೆ ಬೀಜಾಣು ಬಿಡುವ ಈ ಗುಣವೂ ಕುಂದುತ್ತದೆ. ಆಗ ಅದನ್ನು ಮತ್ತೆ ಜೀವಂತ ಎಲೆಗೆ ತಗುಲಿಸಿ ಹೊಸದಾಗಿ ಬೇರ್ಪಡಿಸಬೇಕು.

ನಾಳೆಯ ಪ್ರಯೋಗಕ್ಕೆ ನಿಮ್ಮ ಹೊಲದ ಮಚ್ಚೆಬಿದ್ದ ಟೊಮೆಟೊ ಎಲೆಗಳನ್ನು ಕಾಗದದ ಲಕೋಟೆಯಲ್ಲಿ ತನ್ನಿ. ಪ್ಲಾಸ್ಟಿಕ್ ಚೀಲ ಬೇಡ, ಎಲೆ ಬೆವೆತು ದಾರಿಯಲ್ಲೇ ಕೊಳೆಯುತ್ತದೆ.