ಸಿಡಿ ಡ್ರೈವ್ ಮತ್ತು ಹಾಲಿನೊಳಗಿನ ವಿಷ

ಎಲ್ಲರಿಗೂ ನಮಸ್ಕಾರ. ಹಾಡು ಕೇಳುವ ಸಿಡಿ ಡ್ರೈವನ್ನೇ ಬಳಸಿ ಹಾಲಿನಂಥ ಆಹಾರದಲ್ಲಿ ವಿಷ ಇದೆಯಾ ಅಂತ ಪರೀಕ್ಷೆ ಮಾಡುವುದು ಹೇಗೆ ಅನ್ನುವುದನ್ನು ಇಲ್ಲಿ ನೋಡೋಣ.

ಸಿಡಿ ಮೇಲೆ ಬೆರಳಿನ ಗುರುತು ಬಿದ್ದರೂ ಹಾಡು ನಿಲ್ಲುವುದಿಲ್ಲ, ಅಲ್ವಾ? ಅದಕ್ಕೆ ಎರಡು ಕಾರಣ ಇದೆ. ಹಾಡು ಇರುವುದು ನಾವು ಮುಟ್ಟುವ ಮೈಮೇಲಲ್ಲ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಆಚೆ. ಲೇಸರ್ ಕಿರಣ ಪ್ಲಾಸ್ಟಿಕ್ಕಿನೊಳಗೆ ಹೋಗುವಾಗ ಸುಮಾರು ಮುಕ್ಕಾಲು ಮಿಲಿಮೀಟರ್ ಅಗಲ ಇರುತ್ತದೆ. ಒಳಗೆ ಮಾಹಿತಿಯ ಪದರ ತಲುಪುವಷ್ಟರಲ್ಲಿ ಎರಡು ಮೈಕ್ರಾನಿಗಿಂತ ಸಣ್ಣದಾಗುತ್ತದೆ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಒಂದು ಮೈಕ್ರಾನ್). ಹಾಗಾಗಿ ಮೇಲಿನ ಒಂದು ಧೂಳಿನ ಕಣ ಕಿರಣದ ಒಂಚೂರು ಭಾಗಕ್ಕೆ ಮಾತ್ರ ಅಡ್ಡ ಬರುತ್ತದೆ. ಅಷ್ಟಾಗಿಯೂ ಓದುವಾಗ ತಪ್ಪಾದರೆ ಡ್ರೈವ್ ಲೆಕ್ಕ ಹಾಕಿ ಸರಿಪಡಿಸುತ್ತದೆ. ಸಾಲಾಗಿ 4,000 ಬಿಟ್ ಹಾಳಾದರೂ, ಅಂದರೆ ಮಾಹಿತಿ ಬರೆದಿರುವ ಹಾದಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಹೋದರೂ, ಅದಕ್ಕೆ ಚಿಂತೆ ಇಲ್ಲ.

ಆಹಾರ ಪರೀಕ್ಷೆಗೆ ಸಿಡಿ ಬಳಸುವವರು ಈ ಜಾಣತನವನ್ನೇ ತಿರುವಿ ಹಾಕುತ್ತಾರೆ. ಅವರಿಗೆ ಕಲೆ ಬೇಕು. ಆ ಕಲೆಯಿಂದ ತಪ್ಪು ಎಷ್ಟು ಹೆಚ್ಚಿತು ಅನ್ನುವ ಲೆಕ್ಕ ಬೇಕು. ಡ್ರೈವ್ ತಪ್ಪನ್ನು ಸರಿಪಡಿಸುವ ಮೊದಲು ಎಣಿಸಿಕೊಂಡಿರುತ್ತದೆ. ಆ ಎಣಿಕೆಯನ್ನು ಒಂದು ಸಾಫ್ಟ್‌ವೇರ್‌ನಿಂದ ಹೊರಗೆ ತೆಗೆದರೆ ಸಾಕು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಈ ದಾರಿಯಲ್ಲಿ ಕೆಲಸ ನಡೆದಿದೆ. ಸ್ಪೇನಿನ ವೇಲೆನ್ಸಿಯಾದ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದವರು ಇನ್ನೊಂದು ದಾರಿ ಹಿಡಿದರು. ಡ್ರೈವ್ ಒಳಗಿನ ಬೆಳಕಿನ ಏರಿಳಿತವನ್ನೇ ನೇರವಾಗಿ ಅಳೆದರು.

ಕಲೆ ಮೂಡುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ನನಗೆ ಇಡೀ ವಿಷಯದಲ್ಲಿ ಜಾಸ್ತಿ ಇಷ್ಟವಾದ ಭಾಗ ಇದು.

ಅಫ್ಲಾಟಾಕ್ಸಿನ್ ಎಂ1 ತೆಗೆದುಕೊಳ್ಳಿ. ಬೂಷ್ಟು ಹಿಡಿದ ಮೇವು ತಿಂದ ಹಸುವಿನ ಹಾಲಿನಲ್ಲಿ ಇರುವ ವಿಷ ಇದು. ಕಾಯಿಸಿದರೂ ಹೋಗುವುದಿಲ್ಲ. ಆಹಾರದ ಅಂತರರಾಷ್ಟ್ರೀಯ ಮಾನದಂಡವಾದ ಕೋಡೆಕ್ಸ್ ಹಾಕಿರುವ ಮಿತಿ ಒಂದು ಕಿಲೋ ಹಾಲಿಗೆ ಅರ್ಧ ಮೈಕ್ರೋಗ್ರಾಂ, ಅಂದರೆ 200 ಕೋಟಿ ಭಾಗದಲ್ಲಿ ಒಂದು ಭಾಗ. ಈ ವಿಷದ ಅಣು ತುಂಬಾ ಸಣ್ಣದು, ಎರಡು ಪ್ರತಿಕಾಯಗಳು (ಒಂದು ನಿರ್ದಿಷ್ಟ ಅಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್‌ಗಳು) ಎರಡು ಕಡೆಯಿಂದ ಹಿಡಿಯುವಷ್ಟು ಜಾಗ ಅದರಲ್ಲಿ ಇಲ್ಲ. ಆದ್ದರಿಂದ ಉಪಾಯ ಉಲ್ಟಾ. ಒಂದು ಪ್ರೋಟೀನಿಗೆ ಕಟ್ಟಿದ ಅಫ್ಲಾಟಾಕ್ಸಿನ್ನನ್ನು ಮೊದಲೇ ಡಿಸ್ಕಿನ ಮೇಲೆ ಚುಕ್ಕೆಯಾಗಿ ಅಂಟಿಸಿರುತ್ತಾರೆ. ಪಾಲಿಕಾರ್ಬೊನೇಟಿಗೆ ಪ್ರೋಟೀನ್ ತಾನಾಗಿಯೇ ಹತ್ತಿಕೊಳ್ಳುತ್ತದೆ. ಆಮೇಲೆ ಚಿನ್ನದ ನ್ಯಾನೋಕಣ ಅಂಟಿಸಿದ ಪ್ರತಿಕಾಯಗಳನ್ನು ಅಳೆದು ಹಾಲಿಗೆ ಬೆರೆಸಿ ಚುಕ್ಕೆಯ ಮೇಲೆ ಬಿಡುತ್ತಾರೆ. ಹಾಲಿನಲ್ಲಿ ವಿಷ ಇದ್ದರೆ ಪ್ರತಿಕಾಯಗಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಇಲ್ಲದಿದ್ದರೆ ಡಿಸ್ಕಿಗೆ ಬಂದು ಹಿಡಿದುಕೊಳ್ಳುತ್ತವೆ.

ತೊಳೆದ ಮೇಲೆ ನೋಡಿದರೆ ಏನೂ ಕಾಣುವುದಿಲ್ಲ. ಅಷ್ಟು ಸಣ್ಣ ಚಿನ್ನದ ಕಣಗಳು ಲೇಸರ್‌ಗೂ ಹೆಚ್ಚುಕಡಿಮೆ ಕಾಣುವುದಿಲ್ಲ. ಆಗ ಬೆಳ್ಳಿಯ ದ್ರಾವಣ ಹಾಕುತ್ತಾರೆ. ಚಿನ್ನ ಇದ್ದ ಕಡೆ ಮಾತ್ರ ಬೆಳ್ಳಿ ಬೆಳೆಯುತ್ತದೆ. ಕೆಲವೇ ನಿಮಿಷದಲ್ಲಿ ಬೂದು ಬಣ್ಣ, ಆಮೇಲೆ ಕಪ್ಪು. ಈಗ ಚುಕ್ಕೆ ಕಿರಣಕ್ಕೆ ಅಡ್ಡ ಬರುತ್ತದೆ. ಒಂದು ವಿಷಯ ನೆನಪಿಡಿ: ಇಲ್ಲಿ ಕಪ್ಪು ಚುಕ್ಕೆ ಅಂದರೆ ಹಾಲು ಚೆನ್ನಾಗಿದೆ, ಪೇಲವ ಚುಕ್ಕೆ ಅಂದರೆ ತೊಂದರೆ.

ಖರ್ಚು ಯಾಕೆ ಕಡಿಮೆ? ಡಿಸ್ಕ್ ಅಗ್ಗ ಅನ್ನುವುದು ಸಣ್ಣ ಮಾತು. ನಿಜವಾದ ಉಳಿತಾಯ ಡ್ರೈವಿನಲ್ಲಿದೆ. ಸಿಡಿ ಹಾದಿಗಳ ನಡುವಿನ ಅಂತರ 1.6 ಮೈಕ್ರಾನ್. ತಿರುಗುತ್ತಾ ಓಲಾಡುವ ಪ್ಲಾಸ್ಟಿಕ್ ತಟ್ಟೆಯ ಮೇಲೆ ಅಷ್ಟು ಸಣ್ಣ ಹಾದಿಯನ್ನು ಬಿಡದೆ ಹಿಂಬಾಲಿಸುವ ಲೇಸರ್, ಲೆನ್ಸ್, ಮೋಟಾರು ಎಲ್ಲಾ ಅದರಲ್ಲಿ ಸಿದ್ಧವಾಗಿದೆ. ಪ್ರಯೋಗಾಲಯಕ್ಕೆ ಅಂತಲೇ ಇಂಥ ಯಂತ್ರವನ್ನು ಹೊಸದಾಗಿ ಮಾಡಿಸಲು ಹೋದರೆ ಬೆಲೆ ಕೇಳಿ ಸುಮ್ನೆ ವಾಪಸ್ ಬರಬೇಕಾಗುತ್ತದೆ. ಡಿಸ್ಕಿನ ಮೇಲೆ ಜಾಗವೂ ಧಾರಾಳ. ಒಂದೇ ಡಿಸ್ಕಿನಲ್ಲಿ ಕೀಟನಾಶಕ, ಆಂಟಿಬಯಾಟಿಕ್, ಅಲರ್ಜಿ ತರುವ ಪ್ರೋಟೀನ್, ಎಲ್ಲದರ ಚುಕ್ಕೆಗಳನ್ನೂ ಇಡಬಹುದು.

ಆ ಜಾಗದಲ್ಲಿ ಒಂದಷ್ಟನ್ನು ಹೋಲಿಕೆಯ ಚುಕ್ಕೆಗಳಿಗೆ ಬಿಡಲೇಬೇಕು. ಹೊಚ್ಚಹೊಸ ಸಿಡಿಯಲ್ಲೂ ತಪ್ಪುಗಳಿರುತ್ತವೆ. ಸೆಕೆಂಡಿಗೆ 7,350 ಫ್ರೇಮ್ (ಮಾಹಿತಿಯ ಸಣ್ಣ ತುಂಡುಗಳು) ಓದುವಾಗ 220ರವರೆಗೆ ತಪ್ಪನ್ನು ಸಿಡಿಯ ಮಾನದಂಡವೇ ಒಪ್ಪುತ್ತದೆ. ಗೀರು ಬಿದ್ದರೆ, ಹಾಲಿನ ಕೊಬ್ಬು ಸರಿಯಾಗಿ ತೊಳೆದುಹೋಗದಿದ್ದರೆ, ಅದೂ ಲೇಸರ್‌ಗೆ ಕಲೆಯೇ. ವಿಷವೇ ಇಲ್ಲದ ಮಾದರಿ, ವಿಷದ ಪ್ರಮಾಣ ಗೊತ್ತಿರುವ ಮಾದರಿ, ಎರಡೂ ಪಕ್ಕದಲ್ಲಿ ಇಲ್ಲದಿದ್ದರೆ ಬಂದ ಅಂಕಿಗೆ ಅರ್ಥ ಇರುವುದಿಲ್ಲ.

ಮಾದರಿ ಸಿದ್ಧಮಾಡುವ ಕಷ್ಟವನ್ನೂ ಡಿಸ್ಕ್ ತಪ್ಪಿಸುವುದಿಲ್ಲ. ಕಡಲೆಕಾಯಿಯನ್ನು ಡ್ರೈವಿಗೆ ಹಾಕಲು ಆಗುವುದಿಲ್ಲವಲ್ಲ! ಅರೆಯಬೇಕು, ಮೆಥನಾಲ್ ಬೆರೆಸಿದ ನೀರಿನಲ್ಲಿ ವಿಷ ಬಿಡಿಸಬೇಕು, ಸೋಸಬೇಕು. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾದ ವಿಷಯ ಇನ್ನೂ ಕಷ್ಟ. 25 ಗ್ರಾಂ ಆಹಾರದಲ್ಲಿ ಒಂದೂ ಇರಬಾರದು ಅನ್ನುವುದು ಸಾಮಾನ್ಯ ನಿಯಮ. ಒಂದೇ ಒಂದು ಜೀವಕೋಶವನ್ನು ಹುಡುಕಬೇಕಾದರೆ ಮೊದಲು ಅದನ್ನು ಗಂಟೆಗಟ್ಟಲೆ ಬೆಳೆಸಲೇಬೇಕು. ಅಷ್ಟು ಹೊತ್ತು ಡ್ರೈವ್ ಖಾಲಿ ಕೂತಿರುತ್ತದೆ.

ಹಾಗಾಗಿ ನನ್ನ ಪ್ರಕಾರ ಇದರ ಜಾಗ ಮೊದಲ ಸುತ್ತಿನಲ್ಲಿ. ನೂರಾರು ಮಾದರಿ ಬಂದಾಗ ಅನುಮಾನ ಇರುವ ಕೆಲವನ್ನು ಬೇರೆ ಮಾಡುವುದಕ್ಕೆ. ಅವು ಪ್ರಯೋಗಾಲಯದ ದೊಡ್ಡ ಯಂತ್ರಕ್ಕೆ ಹೋಗಲಿ, ತೀರ್ಪು ಅಲ್ಲಿ ಬರಲಿ. ಇನ್ನು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವೇ ಬರುತ್ತಿಲ್ಲ ಅನ್ನುವುದು ನಿಮಗೂ ಗೊತ್ತು. ಯುಎಸ್‌ಬಿಗೆ ಹಾಕುವ ಡ್ರೈವ್‌ಗಳು ಇನ್ನೂ ಸಿಗುತ್ತವೆ. ಆದರೆ ಎಲ್ಲ ಡ್ರೈವ್‌ಗಳೂ ತಪ್ಪಿನ ಎಣಿಕೆಯನ್ನು ಹೊರಗೆ ಕೊಡುವುದಿಲ್ಲ, ಕೊಳ್ಳುವ ಮೊದಲು ಅದನ್ನು ವಿಚಾರಿಸಿಕೊಳ್ಳಿ.