ಕಲ್ಲು ಕೊಳ್ಳುವಾಗ ಮೊದಲು ಊರು ಕೇಳಿ

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಈ ಕಡೆ ತುದಿಯಲ್ಲಿರುವ ಹಸಿರು ಹರಳನ್ನು ನೋಡಿ. ಇದರ ಹೆಸರು ಅಪೊಫಿಲೈಟ್. ಪುಣೆ ಕಡೆಯ ಒಂದು ಕ್ವಾರಿಯದು. ಅದರ ಕೆಳಗೆ ತೆಳು ಕೇಸರಿ ಬಣ್ಣದಲ್ಲಿ, ನಡುವೆ ಬಿಗಿದು ಕಟ್ಟಿದ ಜೋಳದ ಸಿವುಡಿನ ಹಾಗೆ ಕಾಣುತ್ತದಲ್ಲ, ಅದು ಸ್ಟಿಲ್‌ಬೈಟ್. ಇದನ್ನು ಯಾರೂ ಕೆತ್ತಿಲ್ಲ, ಪಾಲಿಶ್ ಮಾಡಿಲ್ಲ. ನೆಲದೊಳಗೆ ಬೆಳೆದದ್ದೇ ಹೀಗೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಲಾವಾ ಪದರ ಪದರವಾಗಿ ಹರಿಯಿತು. ಆರುವಾಗ ಅದರೊಳಗೆ ಗಾಳಿಗುಳ್ಳೆಗಳು ಉಳಿದವು. ಆಮೇಲೆ ಬಿಸಿನೀರು ಬಿರುಕುಗಳಲ್ಲಿ ಇಳಿದು, ಆ ಗೂಡುಗಳಲ್ಲಿ ಹರಳು ಕಟ್ಟಿತು. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ಎರೆಮಣ್ಣಿನ ಕೆಳಗೆ ಇರುವುದೂ ಇದೇ ಕಪ್ಪುಕಲ್ಲು. ಆದರೆ ಲೋಕಕ್ಕೆಲ್ಲ ಹೆಸರಾದ ಹರಳುಗಳು ಬಂದಿರುವುದು ಪುಣೆ, ನಾಸಿಕ್, ಜಳಗಾಂವ್ ಸುತ್ತಿನಿಂದ. ನಾಸಿಕ್ ಹತ್ತಿರದ ಸಿನ್ನರ್‌ನಲ್ಲಿ ಗಾರ್ಗೋಟಿ ಎಂಬ ಮ್ಯೂಸಿಯಂ ಇದೆ. ಏನನ್ನೂ ಕೊಳ್ಳುವ ಮೊದಲು ಒಮ್ಮೆ ಹೋಗಿ ನೋಡಿ. ಒಳ್ಳೆಯ ಹರಳು ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗಬೇಕು.

ಇವು ಹರಳಿಗಾಗಿ ತೋಡಿದ ಗಣಿಯಿಂದ ಬಂದವಲ್ಲ. ಬಾವಿ ತೋಡುವಾಗ, ರಸ್ತೆಗೆ ಜಲ್ಲಿ ಮಾಡಲು ಬಂಡೆ ಒಡೆಯುವಾಗ ಸಿಕ್ಕವು. ಬಂಡೆ ಒಡೆಯುವವನು ಗೂಡನ್ನು ಗಮನಿಸಿ ಒಂದು ನಿಮಿಷ ಕೈ ತಡೆದರೆ ಹರಳು ಉಳಿಯುತ್ತದೆ. ಇಲ್ಲದಿದ್ದರೆ ಅದೂ ಕ್ರಷರ್‌ಗೆ ಹೋಗಿ ಜಲ್ಲಿಯಾಗುತ್ತದೆ. ಕಲ್ಲು ಸಂಗ್ರಹಿಸುವುದು ಪ್ರಕೃತಿಯನ್ನು ದೋಚಿದಂತೆ ಅಲ್ವಾ ಎಂದು ಕೆಲವರು ಕೇಳುತ್ತಾರೆ. ಕ್ವಾರಿಯ ಹರಳಿನ ಮಟ್ಟಿಗೆ ಈ ಮಾತು ನಾನು ಒಪ್ಪುವುದಿಲ್ಲ. ಆದರೆ ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು, ಇವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅಲ್ಲಿಂದ ಒಂದು ಚೂರನ್ನೂ ತರಬೇಡಿ. ಯಾರದೇ ಹೊಲವಿರಲಿ, ಕ್ವಾರಿಯಿರಲಿ, ಕೇಳದೆ ಕಾಲಿಡಬೇಡಿ.

ಈಗ ಕೊಳ್ಳುವ ವಿಷಯ. ಪುಣೆ ಹತ್ತಿರದ ವಾಘೋಲಿಯಲ್ಲಿ ಕವನ್ಸೈಟ್ ಎಂಬ ಕಡುನೀಲಿ ಹರಳು ಸಿಗುತ್ತದೆ. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕೇಟ್, ಮೂರೂ ಸೇರಿ ಆ ಹೆಸರು. ಮೊದಲು ಗುರುತಿಸಿದ್ದು ಅಮೆರಿಕದ ಒರೆಗಾನ್‌ನಲ್ಲಿ. ಆದರೆ ಸಂಗ್ರಹಕಾರರು ಆಸೆಪಡುವುದು ವಾಘೋಲಿಯದಕ್ಕೇ. ಬಿಳಿ ಹರಳಿನ ಹಾಸಿನ ಮೇಲೆ ನೀಲಿ ಹೂವಿನ ಹಾಗೆ ಕೂತಿರುತ್ತದೆ. ನಾನೂ ಒಂದು ಕೊಂಡೆ. ಮನೆಗೆ ತಂದು, ಹತ್ತು ಪಟ್ಟು ದೊಡ್ಡದಾಗಿ ತೋರುವ ಲೆನ್ಸ್ ಹಿಡಿದು ನೋಡಿದೆ. ನೀಲಿ ಹೂವಿನ ಬುಡದ ಸುತ್ತ ಹೊಳೆಯುವ ಒಂದು ಅಂಚು. ಆ ಅಂಚಿನೊಳಗೆ ಸಣ್ಣ ಗಾಳಿಗುಳ್ಳೆ. ಗೋಂದು! ಮೇಲೆ ಕಲ್ಲಿನ ಪುಡಿ ಉದುರಿಸಿ ಮರೆಮಾಡಿದ್ದರು. ಹರಳು ಅಸಲಿ, ಕೆಳಗಿನ ಕಲ್ಲೂ ಅಸಲಿ. ಎರಡೂ ಕೂಡಿ ಬೆಳೆದವು ಎನ್ನುವುದು ಮಾತ್ರ ಸುಳ್ಳು. ಅವತ್ತು ತುಂಬ ನೊಂದುಕೊಂಡೆ. ಹೋದದ್ದು ದುಡ್ಡು ಮಾತ್ರ ಅಲ್ಲ, ಆ ಕಲ್ಲಿನ ಮೇಲಿನ ನಂಬಿಕೆ.

ಅಂದಿನಿಂದ ಲೆನ್ಸ್ ಮತ್ತು ಒಂದು ಯುವಿ ಟಾರ್ಚ್, ಅಂದರೆ ನೇರಳಾತೀತ ಬೆಳಕಿನ ಟಾರ್ಚ್, ಜೇಬಿನಲ್ಲೇ ಇರುತ್ತವೆ. ಎಷ್ಟೋ ಬಗೆಯ ಗೋಂದು ಆ ಬೆಳಕಿನಲ್ಲಿ ಹಾಲುನೀಲಿಯಾಗಿ ಹೊಳೆಯುತ್ತದೆ. ಕೆಲವು ಹರಳುಗಳೂ ಹೊಳೆಯುತ್ತವೆ, ಹಾಗಾಗಿ ಹೊಳಪು ಎಲ್ಲಿದೆ ನೋಡಿ. ಹರಳಿನ ಬುಡದಲ್ಲಷ್ಟೇ ಇದ್ದರೆ ಅನುಮಾನಪಡಿ. ಸಿಟ್ರಿನ್ ಎಂದು ಮಾರುವ ಗಾಢ ಕಿತ್ತಳೆ ಹರಳುಗಳಲ್ಲಿ ಹೆಚ್ಚಿನವು ಸುಟ್ಟು ಬಣ್ಣ ತಿರುಗಿಸಿದ ಅಮೆಥಿಸ್ಟ್, ಅಂದರೆ ನೇರಳೆ ಹರಳು. ನೆಲದಿಂದ ಹಾಗೇ ಬಂದ ಸಿಟ್ರಿನ್ ಸಾಮಾನ್ಯವಾಗಿ ತೆಳು ಹಳದಿ. ಢಾಳಾದ ಗುಲಾಬಿ, ನೀಲಿ ಅಗೇಟ್ ಬಿಲ್ಲೆಗಳಿಗೆ ಬಹುಪಾಲು ಬಣ್ಣ ಕುಡಿಸಿರುತ್ತಾರೆ. ಹಾಗೆಂದು ಹೇಳಿ ಮಾರಿದರೆ ನನ್ನ ತಕರಾರಿಲ್ಲ.

ನಮ್ಮದೇ ಕಲ್ಲೊಂದರ ಮಾತು ಹೇಳುತ್ತೇನೆ. ಮೈಸೂರು ಕಡೆಯಿಂದ ಹಸಿರು ಫುಕ್ಸೈಟ್‌ನೊಳಗೆ ಕೆಂಪು ಕೂತ ಕಲ್ಲು ಬರುತ್ತದೆ. ಕೆಂಪು ಅಂದರೆ ಮಾಣಿಕ್ಯ. ಫುಕ್ಸೈಟ್ ಕಾಗೆಬಂಗಾರದ ಜಾತಿ, ಬಿಸಿಲಿಗೆ ತಿರುಗಿಸಿದರೆ ಮಿಣಮಿಣ ಅನ್ನುತ್ತದೆ. ಎಷ್ಟೋ ಕಲ್ಲುಗಳಲ್ಲಿ ಕೆಂಪಿನ ಸುತ್ತ ಕಯನೈಟ್ ಎಂಬ ಖನಿಜದ ನೀಲಿ ಬಳೆಯೂ ಇರುತ್ತದೆ. ಇದನ್ನು ಟಾಂಜಾನಿಯಾದ ಮಾಣಿಕ್ಯ-ಜೋಯಿಸೈಟ್, ಅಂದರೆ ಹಸಿರು ಜೋಯಿಸೈಟ್ ಖನಿಜದೊಳಗೆ ಮಾಣಿಕ್ಯ ಕೂತ ಕಲ್ಲಿನ ಜೊತೆ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಮರೆಯಾಗಿರುವ ಒಂದು ಮೂಲೆಯಲ್ಲಿ ಉಕ್ಕಿನ ಸೂಜಿಯಿಂದ ಗೀರಿ. ಫುಕ್ಸೈಟ್‌ಗೆ ಸುಲಭವಾಗಿ ಗೀರು ಬೀಳುತ್ತದೆ, ಜೋಯಿಸೈಟ್‌ಗೆ ಬೀಳುವುದಿಲ್ಲ. ಎರಡೂ ಚೆಂದವೇ. ನನಗೆ ಬೇಜಾರಾಗುವುದು ಕಲ್ಲಿನ ಜೊತೆ ಕೊಡುವ ಚೀಟಿ ನೋಡಿದಾಗ. ಸುಮ್ನೆ 'ಇಂಡಿಯಾ' ಎಂದು ಬರೆದಿರುತ್ತಾರೆ. ಇಷ್ಟು ದೊಡ್ಡ ದೇಶದಲ್ಲಿ ಎಲ್ಲಿಯದು?

ಅದಕ್ಕೇ ನಾನು ಬೆಲೆಗಿಂತ ಮೊದಲು ಊರು ಕೇಳುತ್ತೇನೆ. ಯಾವ ಊರು, ಯಾವ ಕ್ವಾರಿ, ಯಾವ ವರ್ಷ ಸಿಕ್ಕಿತು. ಗೊತ್ತಿದ್ದಷ್ಟನ್ನೇ ಹೇಳುವ ವ್ಯಾಪಾರಿಯ ಹತ್ತಿರ ಸ್ವಲ್ಪ ಜಾಸ್ತಿ ಕೊಟ್ಟಾದರೂ ಕೊಳ್ಳುತ್ತೇನೆ. ಮನೆಗೆ ಬಂದ ದಿನವೇ ಚೀಟಿ ಬರೆದು, ಕಲ್ಲಿನ ಅಡಿಗೆ ಒಂದು ನಂಬರ್ ಹಾಕಿ, ಅದೇ ನಂಬರ್ ನೋಟ್‌ಬುಕ್ಕಿನಲ್ಲೂ ಬರೆಯುತ್ತೇನೆ. ಯಾವ ಖನಿಜ ಅನ್ನುವುದನ್ನು ನೂರು ವರ್ಷ ಬಿಟ್ಟು ಪರೀಕ್ಷೆ ಮಾಡಿದರೂ ಗೊತ್ತಾಗುತ್ತದೆ. ಯಾವ ಕ್ವಾರಿಯದು ಅನ್ನುವುದು ಚೀಟಿ ಕಳೆದರೆ ಹೋದಂತೆಯೇ, ಯಾಕೆಂದರೆ ಆ ಕ್ವಾರಿ ಅಷ್ಟರಲ್ಲಿ ಮುಚ್ಚಿ ನೀರು ತುಂಬಿರುತ್ತದೆ.

ನನ್ನ ಗೆಳೆಯನ ತಂದೆ ಕಲ್ಲಿನ ಗುತ್ತಿಗೆ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಟ್ಟದಲ್ಲಿ ಒಂದು ಬಿಸ್ಕತ್ ಡಬ್ಬಿ ಸಿಕ್ಕಿತು. ಒಳಗೆ ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿದ ಹನ್ನೊಂದು ಕಲ್ಲು. ಒಂದಕ್ಕೂ ಚೀಟಿ ಇಲ್ಲ. ಅವರು ಎಲ್ಲೆಲ್ಲಿ ಕೆಲಸ ಮಾಡಿದ್ದರು ಎಂದು ಮನೆಯವರಿಗೂ ಸರಿಯಾಗಿ ನೆನಪಿಲ್ಲ. ಆ ಡಬ್ಬಿಯನ್ನು ಇವತ್ತು ತಂದಿದ್ದೇನೆ. ನಿಮ್ಮಲ್ಲಿ ಕ್ವಾರಿ ಕೆಲಸ ನೋಡಿದವರು ಇದ್ದರೆ ದಯವಿಟ್ಟು ಮುಂದೆ ಬಂದು ಈ ಕಲ್ಲುಗಳನ್ನು ನೋಡಿ. ಕೈಗೆತ್ತಿಕೊಳ್ಳಬಹುದು. ಹತ್ತಿಯುಂಡೆಯ ಹಾಗಿರುವ ಆ ಬಿಳಿ ಒಕೆನೈಟನ್ನು ಮಾತ್ರ ಮುಟ್ಟಬೇಡಿ, ಬೆರಳು ತಾಗಿದರೆ ಅದರ ಎಳೆಗಳು ಮಲಗಿಬಿಡುತ್ತವೆ.